ನಕ್ಷೆಯಲ್ಲಿ ಹಸಿರು, ನೆಲದಲ್ಲಿ ಎಣ್ಣೆ

ತುಮಕೂರು ಜಿಲ್ಲೆಯ ಎರಡು ದೊಡ್ಡ ಜಾಗಗಳ ಹಣೆಬರಹ ಈಚಿನ ವರ್ಷಗಳಲ್ಲಿ ಬದಲಾಯಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿತು. 2016ರ ಜನವರಿಯಲ್ಲಿ ಅದರ ಶಂಕುಸ್ಥಾಪನೆ, 2023ರ ಫೆಬ್ರುವರಿ 6ರಂದು ಉದ್ಘಾಟನೆ. ಶಂಕುಸ್ಥಾಪನೆಯಾದ ಆ ಜನವರಿಯಲ್ಲೇ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ತುಮಕೂರಿನ ಕೈಗಡಿಯಾರದ ಕಾರ್ಖಾನೆ ನಿಂತುಹೋಗಿ ಅದರ ಜಾಗ ಇಸ್ರೊ ಪಾಲಾಯಿತು. ಒಂದು ಕಡೆ ಕಾವಲು ಕಾರ್ಖಾನೆಯಾಯಿತು, ಇನ್ನೊಂದು ಕಡೆ ಒಂದು ಉದ್ಯಮದ ಜಾಗಕ್ಕೆ ಇನ್ನೊಂದು ಉದ್ಯಮ ಬಂತು. ಮೂರನೆಯ ದಾರಿಯೊಂದಿದೆ, ಕಾರ್ಖಾನೆಯ ಜಾಗ ಮತ್ತೆ ಬಯಲೋ ತೋಪೋ ಆಗುವುದು. ಅದು ನಮ್ಮಲ್ಲಿ ಅಪರೂಪ. ಅದರ ಕಥೆ ಕೇಳಲು ಬೆಂಗಳೂರಿನ ಬೈಯಪ್ಪನಹಳ್ಳಿಗೆ ಹೋಗಬೇಕು.

ಅಲ್ಲಿ ಮೆಟ್ರೊ ನಿಲ್ದಾಣದ ಆಸುಪಾಸಿನಲ್ಲಿ ಎನ್‌ಜಿಇಎಫ್‌ನ ನೂರೈದು ಎಕರೆ ಜಾಗವಿದೆ. 1950ರ ದಶಕದಲ್ಲಿ ರಾಜ್ಯ ಸರ್ಕಾರ ಜರ್ಮನಿಯ ಎಇಜಿ ಕಂಪನಿಯ ಸಹಯೋಗದಲ್ಲಿ ಕಟ್ಟಿದ ಕಾರ್ಖಾನೆ ಅದು. ಟ್ರಾನ್ಸ್‌ಫಾರ್ಮರ್, ಮೋಟಾರು, ಸ್ವಿಚ್‌ಗೇರುಗಳನ್ನು ದಶಕಗಳ ಕಾಲ ಮಾಡಿ, ಈ ಶತಮಾನದ ಆರಂಭದಲ್ಲಿ ಬಾಗಿಲು ಹಾಕಿತು. ಆಮೇಲೆ ಖಾಲಿ ಶೆಡ್ಡುಗಳಲ್ಲಿ ಸಿನಿಮಾ ಹೊಡೆದಾಟಗಳ ಚಿತ್ರೀಕರಣ ನಡೆಯಿತು, ಅಂಗಳದಲ್ಲಿ ಮರಗಳು ತಾವಾಗಿ ಬೆಳೆದವು. ಊರಿನ ನಡುವಿನ ಇಷ್ಟು ದೊಡ್ಡ ಜಾಗಕ್ಕೆ ಕಣ್ಣು ಹಾಕದವರಿಲ್ಲ. ಆದರೂ ಅದರ ದೊಡ್ಡ ಪಾಲನ್ನು ವೃಕ್ಷೋದ್ಯಾನ ಮಾಡುವುದಾಗಿ ಸರ್ಕಾರ ಹೇಳಿತು. ಬೆಂಗಳೂರಿನ ಮಟ್ಟಿಗೆ ಇದು ಪವಾಡಕ್ಕೆ ಹತ್ತಿರದ ಮಾತು.

ಪಾರ್ಕು ತಾನೇ, ಮನೆ ಕಟ್ಟುವುದಿಲ್ಲ, ಬೆಳೆ ತೆಗೆಯುವುದಿಲ್ಲ, ಮಣ್ಣು ಹೇಗಿದ್ದರೇನು ಎಂದು ಇಂಥ ಸುದ್ದಿ ಬಂದಾಗ ಅನೇಕರು ಹೇಳುತ್ತಾರೆ. ಈ ಮಾತು ತಲೆಕೆಳಗಾದದ್ದು. ಕಾರ್ಖಾನೆಯಲ್ಲಿ ನೆಲಕ್ಕೂ ಮನುಷ್ಯನಿಗೂ ನಡುವೆ ಕಾಂಕ್ರೀಟಿದೆ, ಬೂಟಿದೆ, ಎಂಟು ಗಂಟೆಯ ಪಾಳಿಯಿದೆ. ಉದ್ಯಾನದಲ್ಲಿ ಅಂಬೆಗಾಲಿಡುವ ಮಗುವಿದೆ. ಮಣ್ಣಿನ ಮಟ್ಟಿಗೆ ಅತ್ಯಂತ ಕಟ್ಟುನಿಟ್ಟಿನ ಗಿರಾಕಿ ಯಾರೆಂದರೆ ಆ ಮಗುವೇ.

ಮೊದಲು ಎಣ್ಣೆಯ ವಿಷಯ ನೋಡೋಣ. ನಮ್ಮ ಹೊಲದ ಅಂಚಿನ ಟೀಸಿಯೊಳಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ನೊಳಗೆ, ತಾಮ್ರದ ಸುರುಳಿಗಳು ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆ ಶಾಖವನ್ನು ಹೊರಗೊಯ್ಯುತ್ತದೆ, ಕಿಡಿ ಹಾರದಂತೆ ತಡೆಯುತ್ತದೆ. ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಪ್ರತಿ ಯಂತ್ರಕ್ಕೂ ಎಣ್ಣೆ ತುಂಬಿ, ಪರೀಕ್ಷಾ ಅಂಕಣದಲ್ಲಿ ನಿಲ್ಲಿಸಿ, ಅದು ಬಾಳುವೆಯಲ್ಲಿ ಕಾಣುವುದಕ್ಕಿಂತ ಹೆಚ್ಚಿನ ವೋಲ್ಟೇಜ್ ಹಾಯಿಸಿ ನೋಡುತ್ತಾರೆ. ಸೋತದ್ದನ್ನು ಬಿಚ್ಚುತ್ತಾರೆ, ಎಣ್ಣೆ ಬಸಿಯುತ್ತಾರೆ, ಮತ್ತೆ ತುಂಬುತ್ತಾರೆ. ಹಾಗಾಗಿ ಇಂಥ ಆವರಣದಲ್ಲಿ ಪರೀಕ್ಷಾ ಅಂಕಣ, ಎಣ್ಣೆ ಟ್ಯಾಂಕಿನ ಕಟ್ಟೆ, ಗುಜರಿ ಅಂಗಳ, ಈ ಮೂರು ಜಾಗಗಳ ಮೇಲೆ ಮಣ್ಣುವಿಜ್ಞಾನಿಯ ಕಣ್ಣು ಮೊದಲು ಬೀಳುತ್ತದೆ. ಇದು ಯಾವುದೇ ಒಂದು ಕಾರ್ಖಾನೆಯ ಮೇಲಿನ ಆರೋಪವಲ್ಲ; ಇಪ್ಪತ್ತನೇ ಶತಮಾನದ ವಿದ್ಯುತ್ ಉದ್ಯಮ ಎಲ್ಲೆಲ್ಲಿ ನಡೆದಿತ್ತೋ ಅಲ್ಲೆಲ್ಲ ಕೇಳುವ ಪ್ರಶ್ನೆ.

ಖನಿಜ ತೈಲವಷ್ಟೇ ಆಗಿದ್ದರೆ ಚಿಂತೆ ಕಡಿಮೆ. ಮಣ್ಣಿನ ಬ್ಯಾಕ್ಟೀರಿಯಾಗಳಿಗೆ ಗಾಳಿ, ತೇವ, ಸ್ವಲ್ಪ ಸಾರಜನಕ ಸಿಕ್ಕರೆ ವರ್ಷಗಳಲ್ಲಿ ಅದರ ಬಹುಪಾಲನ್ನು ತಿಂದು ಮುಗಿಸುತ್ತವೆ. ಆದರೆ 1929ರಿಂದ ಸುಮಾರು ಐದು ದಶಕ ಜಗತ್ತಿನಾದ್ಯಂತ ಪಿಸಿಬಿ ಎಂಬ ರಾಸಾಯನಿಕಗಳನ್ನು ಟ್ರಾನ್ಸ್‌ಫಾರ್ಮರ್‌ಗಳಲ್ಲೂ ಕೆಪಾಸಿಟರ್‌ಗಳಲ್ಲೂ ಬಳಸಿದರು. ಎರಡು ಬೆಂಜೀನ್ ಉಂಗುರಗಳ ಸುತ್ತ ಕ್ಲೋರಿನ್ ಪರಮಾಣುಗಳು ಕುಳಿತ ಅಣುಗಳು ಇವು. ಕ್ಲೋರಿನ್ ಎಲ್ಲೆಲ್ಲಿ, ಎಷ್ಟೆಷ್ಟು ಕುಳಿತಿದೆ ಎನ್ನುವುದರ ಮೇಲೆ 209 ಬಗೆ. ಬೆಂಕಿ ಹಿಡಿಯುವುದಿಲ್ಲ, ಕೆಡುವುದಿಲ್ಲ ಎಂದು ಇವುಗಳನ್ನು ಮೆಚ್ಚಿದ್ದರು. ಕೆಡದ ಆ ಗುಣವೇ ಆಮೇಲೆ ಕುತ್ತಾಯಿತು. ನೀರಿನಲ್ಲಿ ಕರಗುವುದಿಲ್ಲ, ಜೇಡಿಗೂ ಮಣ್ಣಿನ ಸಾವಯವ ಅಂಶಕ್ಕೂ ಬಿಗಿಯಾಗಿ ಅಂಟಿಕೊಳ್ಳುತ್ತವೆ, ಪ್ರಾಣಿಗಳ ಕೊಬ್ಬಿನಲ್ಲಿ ಶೇಖರವಾಗುತ್ತವೆ. ಭಾರತ 2016ರ ಆದೇಶದಲ್ಲಿ ಇವುಗಳ ತಯಾರಿಕೆ, ಆಮದನ್ನು ನಿಷೇಧಿಸಿ, ಇರುವ ಉಪಕರಣಗಳ ಬಳಕೆ ಕೊನೆಗೊಳಿಸಲು 2025ರ ಡಿಸೆಂಬರ್ 31ರ ಗಡುವು ಇಟ್ಟಿತು. ಗಡುವು ಯಂತ್ರಕ್ಕೆ ಅನ್ವಯಿಸುತ್ತದೆ. ಎಂದೋ ಮಣ್ಣಿಗೆ ಚೆಲ್ಲಿದ್ದಕ್ಕೆ ಗಡುವಿಲ್ಲ.

ಇನ್ನು ಸೀಸ. ಬಣ್ಣ, ಬೆಸುಗೆ, ಬ್ಯಾಟರಿಗಳಿಂದ ಬೀಳುವ ಸೀಸ ಮೇಲ್ಮಣ್ಣಿನ ಕೆಲವೇ ಸೆಂಟಿಮೀಟರಿನಲ್ಲಿ ನಿಂತುಬಿಡುತ್ತದೆ. ಚಿಕ್ಕ ಮಗು ಆಡುವಾಗ ಬೆರಳು ಬಾಯಿಗಿಟ್ಟು ದಿನಕ್ಕೆ 200 ಮಿಲಿಗ್ರಾಂವರೆಗೆ ಮಣ್ಣು ನುಂಗಬಹುದು ಎಂಬ ಅಂದಾಜನ್ನು ಅಮೆರಿಕದ ಪರಿಸರ ಸಂಸ್ಥೆ ತನ್ನ ಲೆಕ್ಕಗಳಲ್ಲಿ ಬಹುಕಾಲ ಬಳಸಿದೆ. ಅದೇ ಸಂಸ್ಥೆ ವಾಸದ ಜಾಗಕ್ಕೆ ದಶಕಗಳ ಕಾಲ ಕಿಲೋ ಮಣ್ಣಿಗೆ 400 ಮಿಲಿಗ್ರಾಂ ಸೀಸವನ್ನು ಎಚ್ಚರಿಕೆಯ ಗೆರೆಯಾಗಿ ಇಟ್ಟಿತ್ತು, 2024ರಲ್ಲಿ 200ಕ್ಕೆ ಇಳಿಸಿತು. ಕೈಗಾರಿಕಾ ಜಾಗಕ್ಕೆ ಬಹುಕಾಲ ಇದ್ದ ಗೆರೆ 800. ಅಂದರೆ ಕಿಲೋಗೆ 600 ಮಿಲಿಗ್ರಾಂ ಸೀಸವಿರುವ ಒಂದೇ ಮಣ್ಣು ಶೆಡ್ಡಿನಡಿ ಪಾಸು, ಜಾರುಬಂಡಿಯಡಿ ಫೇಲು. ಭೂ ಬಳಕೆ ಬದಲಾವಣೆಯ ಕಡತಕ್ಕೆ ಸಹಿ ಬಿದ್ದ ಕ್ಷಣದಲ್ಲಿ ಮಣ್ಣಿನ ಒಂದು ಕಣವೂ ಅಲುಗುವುದಿಲ್ಲ, ಆದರೆ ಅದು ಬರೆಯಬೇಕಾದ ಪರೀಕ್ಷೆ ಬೇರೆಯಾಗುತ್ತದೆ.

ಪಾರ್ಕೇ ವಾಸಿ ಎನ್ನಬಹುದಾದ ಸಂದರ್ಭವೂ ಇದೆ, ಅದನ್ನು ಮುಚ್ಚಿಡಬಾರದು. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೊಎಥಿಲೀನ್ ನೀರಿಗಿಂತ ಭಾರ; ನೆಲದಾಳಕ್ಕೆ ಇಳಿದು, ಅಲ್ಲಿಂದ ಆವಿಯಾಗಿ ಮೇಲೇರಿ, ಮನೆಗಳ ನೆಲದ ಬಿರುಕಿನಿಂದ ಒಳಬರುತ್ತದೆ. ಅಂಥ ಜಾಗದಲ್ಲಿ ಅಪಾರ್ಟ್‌ಮೆಂಟಿಗಿಂತ ತೆರೆದ ಬಯಲು ಕ್ಷೇಮ, ಆವಿ ಗಾಳಿಯಲ್ಲಿ ಚದುರಿಹೋಗುತ್ತದೆ. ಯಾವ ವಸ್ತು, ಎಷ್ಟು ಆಳದಲ್ಲಿ, ಯಾವ ದಾರಿಯಲ್ಲಿ ಯಾರನ್ನು ತಲುಪುತ್ತದೆ ಎಂಬುದು ಗೊತ್ತಾಗದೆ ಜಾಗವನ್ನು ಒಳ್ಳೆಯದು, ಕೆಟ್ಟದ್ದು ಎನ್ನಲಾಗದು.

ಅದನ್ನು ತಿಳಿಯುವುದು ಸುಲಭವೂ ಅಲ್ಲ, ಅಗ್ಗವೂ ಅಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಯಾಕೆಂದರೆ ಪಾತ್ರೆಯಲ್ಲೆಲ್ಲ ಒಂದೇ ಹದ. ಕಾರ್ಖಾನೆಯ ಮಣ್ಣು ಹಾಗಲ್ಲ. ಎಣ್ಣೆ ಬಸಿದ ಗುಂಡಿಯಲ್ಲಿ ವಿಪರೀತ, ಹತ್ತು ಹೆಜ್ಜೆ ಆಚೆ ಏನೂ ಇಲ್ಲ. 105 ಎಕರೆಯೆಂದರೆ ಸುಮಾರು 42.5 ಹೆಕ್ಟೇರು. ಅದರ ಮೇಲೆ 25 ಮೀಟರಿಗೊಂದು ಗೆರೆ ಎಳೆದರೆ 680 ಚೌಕಗಳಾಗುತ್ತವೆ. ಪ್ರತಿಯೊಂದರಲ್ಲೂ ಎರಡು ಮೂರು ಆಳದ ಮಾದರಿ ತೆಗೆದರೂ ಹತ್ತು ಮೀಟರ್ ಅಗಲದ ಹೊಂಡವೊಂದು ಗೆರೆಗಳ ನಡುವೆ ನುಸುಳಿಹೋಗಬಹುದು. ನಾಲ್ಕು ಮೂಲೆಯ ಮಣ್ಣನ್ನು ಒಂದೇ ಚೀಲದಲ್ಲಿ ಬೆರೆಸಿ ಸರಾಸರಿ ತೆಗೆಯುವವರೂ ಇದ್ದಾರೆ. ಗೊಬ್ಬರದ ಶಿಫಾರಸಿಗೆ ಆ ಪದ್ಧತಿ ಸರಿ, ವಿಷ ಹುಡುಕಲು ಸಲ್ಲದು. ಇಂಥಲ್ಲಿ ಯಂತ್ರಗಳಿಗಿಂತ ಮೊದಲು ಬೇಕಾದವರು ಹಳೆಯ ಕಾರ್ಮಿಕರು. ಎಲ್ಲಿ ಬಸಿಯುತ್ತಿದ್ದರು, ಎಲ್ಲಿ ಸುಡುತ್ತಿದ್ದರು, ಯಾವ ಗುಂಡಿ ಮುಚ್ಚಿದರು ಎಂಬುದು ಅವರ ನೆನಪಿನಲ್ಲಿರುತ್ತದೆ, ನಕ್ಷೆಯಲ್ಲಿ ಇರುವುದಿಲ್ಲ. ಇವರಿಗೆ ವಯಸ್ಸಾಗುತ್ತಿದೆ ಎಂಬುದೂ ವಿಜ್ಞಾನದ ಸಮಸ್ಯೆಯೇ.

ಕೆಟ್ಟ ಮಣ್ಣು ಸಿಕ್ಕಿತು ಎನ್ನಿ. ತೆಗೆದು ಸಾಗಿಸುವುದು ನೇರ ಉಪಾಯ. ಒಂದೇ ಹೆಕ್ಟೇರಿನಲ್ಲಿ ಒಂದಡಿ ಆಳ ತೆಗೆದರೂ ಮೂರು ಸಾವಿರ ಘನ ಮೀಟರ್, ಅಂದರೆ ನಾಲ್ಕೂವರೆ ಸಾವಿರ ಟನ್, ಹದಿನೈದು ಟನ್ನಿನ ಟಿಪ್ಪರಿಗೆ ಮುನ್ನೂರು ಲೋಡು. ಅದನ್ನು ಒಯ್ಯುವ ಊರಿನವರು ಸುಮ್ಮನಿರುತ್ತಾರೆಯೇ? ಎರಡನೆಯದು, ಅಲ್ಲೇ ಬಿಟ್ಟು ಮೇಲೆ ಜೇಡಿ, ಹಾಳೆ, ಒಳ್ಳೆಯ ಮಣ್ಣಿನ ಹೊದಿಕೆ ಹಾಕುವುದು. ಮೂರನೆಯದು ಗಿಡಗಳ ನೆರವು. ಒಂದು ಬಗೆಯ ಜರಿಗಿಡ ಮಣ್ಣಿನ ಆರ್ಸೆನಿಕ್ ಹೀರುತ್ತದೆಂದು 2001ರಲ್ಲಿ ಗೊತ್ತಾಯಿತು. ನಮ್ಮ ಲಾವಂಚದ ಬೇರು ಮೂರು ಮೀಟರ್ ಆಳಕ್ಕಿಳಿದು ಮಣ್ಣನ್ನು ಹಿಡಿದಿಡುತ್ತದೆ, ಲೋಹಗಳನ್ನು ಬೇರಿನಲ್ಲೇ ತಡೆಯುತ್ತದೆ. ಆದರೆ ಲೋಹ ಹೀರಿದ ಗಿಡವನ್ನು ಕೊಯ್ದು ಎಲ್ಲಿ ಹಾಕುವಿರಿ ಎಂಬ ಪ್ರಶ್ನೆ ಉಳಿಯುತ್ತದೆ, ಕೆಲಸ ಮುಗಿಯಲು ದಶಕಗಳೂ ಬೇಕಾಗಬಹುದು. ಉದ್ಘಾಟನೆಯ ಫಲಕದಲ್ಲಿ ಹೆಸರು ಹಾಕಿಸಿಕೊಳ್ಳುವವರಿಗೆ ಅಷ್ಟು ವ್ಯವಧಾನ ಇರುವುದಿಲ್ಲ.

ಇದರಲ್ಲೆಲ್ಲ ಕಗ್ಗಂಟೆಂದರೆ ಮರಗಳು. ಬಾಗಿಲು ಹಾಕಿದ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಯಾರೂ ನೆಲ ಕೆದಕದಿದ್ದುದರಿಂದಲೇ ಕಾಡು ಬೆಳೆದಿರುತ್ತದೆ. ಜನ ಪಾರ್ಕು ಕೇಳುವುದೂ ಆ ಮರಗಳಿಗಾಗಿಯೇ. ಮಣ್ಣು ತೆಗೆದರೆ ಮರ ಹೋಗುತ್ತದೆ. ಮೇಲೆ ಹೊಸ ಮಣ್ಣು ಹೇರಿದರೆ ಬೇರಿಗೆ ಉಸಿರು ಕಟ್ಟಿ ನಾಲ್ಕಾರು ವರ್ಷದಲ್ಲಿ ಒಣಗುತ್ತದೆ. ಬೇರುಗಳ ನಡುವೆ ಗಾಳಿಯ ರಭಸದಿಂದ ಮಣ್ಣು ಸಡಿಲಿಸಿ ತೆಗೆಯುವ ಉಪಕರಣಗಳಿವೆ, ನಿಧಾನ ಮತ್ತು ದುಬಾರಿ. ನನ್ನ ಮಟ್ಟಿಗೆ ಸರಿಯೆನಿಸುವುದು ಜಾಗವನ್ನು ತುಂಡು ಮಾಡುವುದು. ಮಕ್ಕಳ ಆಟದ ಅಂಗಳವನ್ನು ಪರೀಕ್ಷಿಸಿದ, ಹೊಸ ಮಣ್ಣಿನ ಜಾಗದಲ್ಲಿಡಿ. ಮರ ದಟ್ಟವಿದ್ದು ಮಣ್ಣಿನ ಬಗ್ಗೆ ಅನುಮಾನವಿರುವ ಕಡೆ ನೆಲದಿಂದ ಎರಡಡಿ ಎತ್ತರದ ಮರದ ಹಾದಿ ಹಾಕಿ, ಕೆಳಗಿಳಿಯದಂತೆ ಕಟಾಂಜನ ಕಟ್ಟಿ. ಒಂದು ಮೂಲೆಯನ್ನು ಹಕ್ಕಿಗಳಿಗೆ ಬಿಟ್ಟು ಬೀಗ ಹಾಕಿದರೂ ತಪ್ಪಿಲ್ಲ.

ಬೇರೆ ದೇಶಗಳು ಇದನ್ನು ಕಲಿತದ್ದು ಪೆಟ್ಟು ತಿಂದು. ಸಿಯಾಟಲ್ ನಗರದ ಅನಿಲ ಕಾರ್ಖಾನೆ 1956ರಲ್ಲಿ ನಿಂತಿತು. ರಿಚರ್ಡ್ ಹಾಗ್ ಎಂಬ ವಿನ್ಯಾಸಕಾರ ತುಕ್ಕು ಹಿಡಿದ ಗೋಪುರಗಳನ್ನು ಉಳಿಸಿಕೊಂಡೇ ಅಲ್ಲಿ ಉದ್ಯಾನ ಮಾಡಿದರು, 1975ರಲ್ಲಿ ಅದು ತೆರೆಯಿತು. 1984ರಲ್ಲಿ ಮಣ್ಣಿನ ಮಾಲಿನ್ಯದ ಭಯದಿಂದ ಸ್ವಲ್ಪ ಕಾಲ ಮುಚ್ಚಿ ಮತ್ತೆ ಪರೀಕ್ಷೆ ಮಾಡಬೇಕಾಯಿತು. ಡೆನ್ವರ್ ಬಳಿ 1942ರಲ್ಲಿ ಕಟ್ಟಿದ ರಾಸಾಯನಿಕ ಅಸ್ತ್ರಗಳ ಕಾರ್ಖಾನೆಯ ಬಯಲು ಈಗ ವನ್ಯಧಾಮ, ಅಲ್ಲಿ ಕಾಡೆಮ್ಮೆಗಳು ಮೇಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಲಾಕ್‌ಹೀಡ್ ಕಂಪನಿ ರಾಕೆಟ್ ಮೋಟಾರು ಉರಿಸಿ ಪರೀಕ್ಷಿಸುತ್ತಿದ್ದ ಪೊಟ್ರೆರೊ ಕಣಿವೆಯನ್ನು 2003ರಲ್ಲಿ ರಾಜ್ಯ ಕೊಂಡು ವನ್ಯಜೀವಿ ಪ್ರದೇಶಕ್ಕೆ ಸೇರಿಸಿತು. ರಾಕೆಟ್ ಇಂಧನದ ಪರ್‌ಕ್ಲೋರೇಟ್ ಉಪ್ಪಿನ ಹಾಗೆ ನೀರಿನಲ್ಲಿ ಕರಗುವಂಥದ್ದು. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಿಗದಂತೆ ಅಡ್ಡಗಟ್ಟುತ್ತದೆ. ಬಯಲಿಗೆ ಜಿಂಕೆ ಬಂದರೂ ಅಡಿಯ ಅಂತರ್ಜಲದ ಶುದ್ಧೀಕರಣವನ್ನು ಹಳೆಯ ಕಂಪನಿಯೇ ಮುಂದುವರಿಸಬೇಕಾಯಿತು.

ಇನ್ನು ಕಾಗದದ ಕೆಲಸ. ನಮ್ಮ ಮಹಾಯೋಜನೆಯ ನಕ್ಷೆಗಳಲ್ಲಿ ವಸತಿ ಹಳದಿ, ಉದ್ಯಮ ನೇರಳೆ, ಉದ್ಯಾನ ಮತ್ತು ಬಯಲು ಹಸಿರು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಡಿ, ಸರ್ಕಾರದ ಒಪ್ಪಿಗೆ ಪಡೆದು, ಸಾರ್ವಜನಿಕ ಪ್ರಕಟಣೆ ಕೊಟ್ಟು ಬಣ್ಣ ಬದಲಿಸಬಹುದು. ಹಸಿರನ್ನು ಬೇರೆ ಬಣ್ಣಕ್ಕೆ ತಿರುಗಿಸುವವರಿಗೆ ಬೆಂಗಳೂರಿನ ಸದಾಶಿವನಗರದ ಕಡೆಯಿಂದಲೇ ಬಿದ್ದ ಪೆಟ್ಟು ಪ್ರಸಿದ್ಧ. ಬಡಾವಣೆಯ ಪಾರ್ಕಿಗೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟದ್ದನ್ನು ನಿವಾಸಿಗಳು ಪ್ರಶ್ನಿಸಿದರು. 1991ರಲ್ಲಿ ಸುಪ್ರೀಂ ಕೋರ್ಟ್ ಮುದ್ದಪ್ಪ ಪ್ರಕರಣವೆಂದು ಹೆಸರಾದ ಆ ವ್ಯಾಜ್ಯದಲ್ಲಿ ನಿವಾಸಿಗಳ ಪರ ನಿಂತಿತು. ಹಸಿರು ಅಳಿಸುವುದಕ್ಕೆ ಹೀಗೆ ನ್ಯಾಯಾಲಯದ ಕಾವಲಿದೆ. ನೇರಳೆಯನ್ನು ಹಸಿರು ಮಾಡುವಾಗ ಮಣ್ಣಿನ ವರದಿ ಲಗತ್ತಿಸಿ ಎಂದು ಮಾತ್ರ ಆ ಕಲಮು ಕೇಳುವುದಿಲ್ಲ. ಅದನ್ನು ಬರೆದ ಕಾಲಕ್ಕೆ ಇದು ಯಾರಿಗೂ ಹೊಳೆಯುವ ವಿಷಯವಾಗಿರಲಿಲ್ಲ, ಈಗ ಸೇರಿಸಲು ಅಡ್ಡಿಯೇನೂ ಇಲ್ಲ.

ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈನಲ್ಲಿ ಕಲುಷಿತ ಜಾಗಗಳ ನಿರ್ವಹಣೆಗೆಂದೇ ನಿಯಮಗಳನ್ನು ಹೊರಡಿಸಿದೆ. ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಅನುಮಾನವಿರುವ ಜಾಗಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಮಂಡಳಿ ಪರಿಶೀಲಿಸಬೇಕು, ಕೆಡಿಸಿದವರು ಸಿಕ್ಕರೆ ಶುದ್ಧೀಕರಣದ ಖರ್ಚು ಅವರದು.

ಇದು ಬೆಂಗಳೂರಿನ ಮಾತಷ್ಟೇ ಅಲ್ಲ. ದೇವರಾಯನದುರ್ಗದ ಬೆಟ್ಟಗಳ ಕಡೆ ಹುಟ್ಟುವ ಶಿಂಷಾ, ಗುಬ್ಬಿ ಸೀಮೆಯಲ್ಲಿ ಕಡಬದ ಕೆರೆ ತುಂಬಿಸಿ, ಅಮೃತೂರಿನ ಬಳಿ ಮಾರ್ಕೋನಹಳ್ಳಿ ಜಲಾಶಯದಲ್ಲಿ ನಿಲ್ಲುತ್ತದೆ. ಮೇಲಿನ ಸೀಮೆಯ ಬಯಲುಗಳಲ್ಲಿ ಏನು ಚೆಲ್ಲಿದರೂ ಅದರ ಕೆಳಗಿನ ವಿಳಾಸ ಇದೇ. ನಮ್ಮದು ಕಲ್ಲುನೆಲ, ಮೇಲಿನ ಸಡಿಲ ಮಣ್ಣು ದಾಟಿದರೆ ನೀರು ಬಂಡೆಯ ಬಿರುಕುಗಳಲ್ಲೇ ಓಡಬೇಕು, ಅದರಲ್ಲಿ ಕರಗಿದ್ದೂ ಅದೇ ಬಿರುಕು ಹಿಡಿದು ಯಾವ ಬೋರಿಗೆ ಹೋಗುತ್ತದೆಂದು ಮೊದಲೇ ಹೇಳಲಾಗದು. ಕುಣಿಗಲ್ ತಾಲ್ಲೂಕಿನ ಪಂಚಾಯಿತಿಯೊಂದು ಹೊಸ ನಿಯಮ ಹೇಳುವ ಅನುಮಾನದ ಜಾಗಗಳ ಪಟ್ಟಿ ಮಾಡಲು ಕುಳಿತರೆ ದೊಡ್ಡ ಕಾರ್ಖಾನೆಯನ್ನೇ ಹುಡುಕಬೇಕಿಲ್ಲ. ಸುಟ್ಟ ಟೀಸಿ ಬಿಚ್ಚಿ ಎಣ್ಣೆ ಬಸಿಯುವ ಅಂಗಳ, ಹಳೆಯ ಬ್ಯಾಟರಿ ಒಡೆಯುವ ಗುಜರಿ, ಹೆದ್ದಾರಿ ಬದಿಯ ಗ್ಯಾರೇಜಿನ ಹಿಂದಿನ ಗುಂಡಿಯಿಂದಲೇ ಶುರುಮಾಡಬಹುದು.