ಬಾವುಟ ಹಿಡಿದವರು, ಗೆರೆಯಂಚಿನ ಜನ: ಏಳು ತಪ್ಪು ಕಲ್ಪನೆ, ಏಳು ಸತ್ಯ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ಕಬಡ್ಡಿ ಮನೆಯಾಟ. ಊರ ಹಬ್ಬಕ್ಕೆ ಹೊನಲು ಬೆಳಕಿನ ಪಂದ್ಯಾವಳಿ ಇಟ್ಟರೆ ಅಂಕಣದ ಸುತ್ತ ಕಾಲಿಡಲೂ ಜಾಗ ಇರುವುದಿಲ್ಲ. ಫುಟ್‌ಬಾಲ್ ಇಲ್ಲಿ ಹೆಚ್ಚಾಗಿ ಶಾಲಾ ಕಾಲೇಜಿನ ಆಟ; ತಾಲ್ಲೂಕು, ಜಿಲ್ಲಾ ಮಟ್ಟದ ಕ್ರೀಡಾಕೂಟ ಬಂದಾಗ ಬೇಲಿಯಿಲ್ಲದ ಮೈದಾನದ ಸುತ್ತ ಪೋಷಕರು, ಹಳೆಯ ವಿದ್ಯಾರ್ಥಿಗಳು, ಬೇರೆ ಶಾಲೆಯ ಹುಡುಗರು ಸೇರುತ್ತಾರೆ. ಅವರಿಗೂ ಸುಣ್ಣದ ಗೆರೆಗೂ ನಡುವೆ ಬಾವುಟ ಹಿಡಿದು ಓಡುವವರು ಸಹಾಯಕ ರೆಫ್ರಿ. 1996ರಲ್ಲಿ ಹೆಸರು ಬದಲಾದರೂ ಜನರ ಬಾಯಲ್ಲಿ ಇನ್ನೂ 'ಲೈನ್‌ಮನ್'. ಬೈಗುಳ ಮೊದಲು ಬೀಳುವುದು ಇವರ ಮೇಲೆಯೇ. ಆ ಬೈಗುಳದ ಬಹುಪಾಲು ನಿಯಮ ತಿಳಿಯದೆ ಬಂದದ್ದು. ಅದಕ್ಕೇ ಇದನ್ನು ಬಿಡಿಸಿ ಹೇಳಬೇಕಾಗಿದೆ.

ಕಲ್ಪನೆ 1: ಕಬಡ್ಡಿ ನೋಡುವ ಹಾಗೆ ಗೆರೆ ಪಕ್ಕದಲ್ಲೇ ಕೂತರೆ ತಪ್ಪೇನು?

ಸತ್ಯ: ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಂಪೈರ್ ನಾಲ್ಕು ಹೆಜ್ಜೆ ಅತ್ತಿತ್ತ ಹೋದರೆ ಎಲ್ಲವೂ ಕಾಣುತ್ತದೆ. ಪೂರ್ಣ ಅಳತೆಯ ಫುಟ್‌ಬಾಲ್ ಮೈದಾನದ ಪಕ್ಕದ ಗೆರೆಯೇ ಕನಿಷ್ಠ 90 ಮೀಟರ್. ಅದರಲ್ಲಿ ಅರ್ಧದಷ್ಟನ್ನು ಸಹಾಯಕ ರೆಫ್ರಿ ಗೆರೆಯ ಹೊರಗೆ ನಿಂತು, ಮುಖವನ್ನು ಆಟದ ಕಡೆಗೇ ಇಟ್ಟು, ಅಡ್ಡಡ್ಡ ಹೆಜ್ಜೆಯಲ್ಲಿ ಓಡಿ ಕಾಯಬೇಕು. ಕೆಳಗೆ ನೋಡಿ ಓಡುವ ಹಾಗಿಲ್ಲ. ಅಲ್ಲಿ ಚಾಚಿದ ಕಾಲೋ ನಿಲ್ಲಿಸಿದ ಬೈಕೋ ಇದ್ದರೆ ಎಡವುವುದು ಅವರೊಬ್ಬರೇ ಅಲ್ಲ. ಚೆಂಡಿನ ಬೆನ್ನುಹತ್ತಿ ಜೋರಾಗಿ ಬಂದ ಮಗುವೂ ಅದಕ್ಕೇ ಬಡಿದುಕೊಳ್ಳುತ್ತದೆ. ಎರಡು ಮೂರು ಮೀಟರ್ ಬಿಟ್ಟು ನಿಂತರೆ ಆಟವೂ ಚೆನ್ನಾಗಿ ಕಾಣುತ್ತದೆ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 2008ರಲ್ಲಿ ಆರಂಭಿಸಿದ 'ರೆಸ್ಪೆಕ್ಟ್' ಅಭಿಯಾನದಲ್ಲಿ ಮಕ್ಕಳ ಪಂದ್ಯಗಳಿಗೆ ಮಾಡಿದ್ದೂ ಇದನ್ನೇ: ಗೆರೆಯಿಂದ ಆಚೆ ಹಗ್ಗ ಕಟ್ಟಿ, ನೋಡುವವರನ್ನು ಅದರ ಹಿಂದೆ ನಿಲ್ಲಿಸುವುದು.

ಕಲ್ಪನೆ 2: ನಾನೇ ಕಣ್ಣಾರೆ ಕಂಡಿದ್ದೇನೆ, ಅದು ಆಫ್‌ಸೈಡ್ ಅಲ್ಲವೇ ಅಲ್ಲ.

ಸತ್ಯ: ಆಫ್‌ಸೈಡ್ ಸರಿಯಾಗಿ ಕಾಣುವುದು ಒಂದೇ ಜಾಗದಿಂದ. ಗೋಲಿನ ಕಡೆಯಿಂದ ಎಣಿಸಿದರೆ ಸಿಗುವ ಎರಡನೆಯ ಎದುರಾಳಿಯ ನೇರಕ್ಕೆ ನಿಂತವರಿಗೆ ಮಾತ್ರ. ಒಂದು ಸಂದರ್ಭ ನೋಡಿ. ದಾಳಿ ಮಾಡುವ ಹುಡುಗ ನಮ್ಮ ಕಡೆಯ ಅಂಚಿನಲ್ಲಿ, ತಡೆಯುವ ಹುಡುಗ ಆಚೆ ಅಂಚಿನಲ್ಲಿ, ಇಬ್ಬರೂ ಸರಿಸಮ. ಮಧ್ಯದ ಗೆರೆಯ ಬಳಿ ನಿಂತವರ ನೋಟ ಗೋಲಿನ ಕಡೆಗೆ ಓರೆಯಾಗಿ ಹೋಗುತ್ತದೆ. ಅವರಿಗೆ ಹತ್ತಿರದ ಹುಡುಗ ಮುಂದಿದ್ದಂತೆ ಕಾಣುತ್ತಾನೆ, 'ಆಫ್‌ಸೈಡ್!' ಎಂದು ಕೂಗುತ್ತಾರೆ. ಕಾರ್ನರ್ ಬಳಿ ನಿಂತವರ ಓರೆ ನೋಟಕ್ಕೆ ಅದೇ ಹುಡುಗ ಒಂದು ಹೆಜ್ಜೆ ಹಿಂದಿದ್ದಂತೆ ಕಾಣುತ್ತಾನೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ, ಆದರೆ ಇಬ್ಬರಿಗೂ ಕಂಡದ್ದು ನಿಜವಲ್ಲ. ಸರಿಸಮ ಇದ್ದರೆ ಆಫ್‌ಸೈಡ್ ಇಲ್ಲ. ಜೊತೆಗೆ ಲೆಕ್ಕಕ್ಕೆ ಬರುವುದು ಜೊತೆಗಾರ ಚೆಂಡನ್ನು ಒದ್ದ ಗಳಿಗೆ. ಚೆಂಡು ಈ ಹುಡುಗನ ಕಾಲಿಗೆ ಸೇರಿದ ಗಳಿಗೆಯಲ್ಲ. ಥ್ರೋ, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಎಂಬುದೇ ಇಲ್ಲ.

ಕಲ್ಪನೆ 3: ಚೆಂಡು ಗೆರೆ ದಾಟಿತ್ತು, ಆದರೂ ಬಾವುಟ ಎತ್ತಲಿಲ್ಲ.

ಸತ್ಯ: ಗೆರೆಯೂ ಮೈದಾನದ ಭಾಗ. ಇಡೀ ಚೆಂಡು, ಗೆರೆಯ ಹೊರ ಅಂಚನ್ನು ಪೂರ್ತಿ ದಾಟಿದರೆ ಮಾತ್ರ ಔಟ್, ನೆಲದ ಮೇಲಾದರೂ ಗಾಳಿಯಲ್ಲಾದರೂ. ದೊಡ್ಡವರ ಆಟದ 5ನೇ ನಂಬರಿನ ಚೆಂಡಿನ ಸುತ್ತಳತೆ 68ರಿಂದ 70 ಸೆಂ.ಮೀ., ಅಡ್ಡಳತೆ ಸುಮಾರು 22 ಸೆಂ.ಮೀ. ಹಾಗಾಗಿ ಚೆಂಡು ನೆಲಕ್ಕೆ ತಾಗಿದ ಜಾಗ ಹೊರ ಅಂಚಿನಿಂದ 10 ಸೆಂ.ಮೀ. ಆಚೆ ಇದ್ದರೂ ಅದರ ಉಬ್ಬು ಗೆರೆಯ ಮೇಲೆ ಚಾಚಿಕೊಂಡೇ ಇರುತ್ತದೆ. ಆಟ ಮುಂದುವರಿಯಬೇಕು. ಸುಣ್ಣ ಅರ್ಧ ಅಳಿಸಿಹೋದ ಮೈದಾನದಲ್ಲಿ, ದೂರದಿಂದ, ಇದನ್ನು ಹೇಳುವುದು ಯಾರಿಗೂ ಸಾಧ್ಯವಿಲ್ಲ.

ಕಲ್ಪನೆ 4: ಬಾವುಟ ಎತ್ತಿದ ಮೇಲೆ ಮುಗಿಯಿತು, ರೆಫ್ರಿ ವಿಷಲ್ ಊದದಿದ್ದರೆ ಅದು ಮೋಸ.

ಸತ್ಯ: ಬಾವುಟ ರೆಫ್ರಿಗೆ ಕೊಡುವ ಸುಳಿವು, ಅಷ್ಟೆ. ತೀರ್ಪು ರೆಫ್ರಿಯದು. ಅವರು ಬೇರೆ ಕೋನದಿಂದ ಬೇರೆಯದನ್ನು ಕಂಡಿದ್ದರೆ ಬಾವುಟ ಇಳಿಸುವಂತೆ ಸನ್ನೆ ಮಾಡುತ್ತಾರೆ. ಮಕ್ಕಳಿಗೆ ಕಲಿಸಬೇಕಾದ ಮೊದಲ ಪಾಠ: ವಿಷಲ್ ಕೇಳುವವರೆಗೆ ಆಡುತ್ತಿರಬೇಕು.

ಕಲ್ಪನೆ 5: ಜನರನ್ನು ಹದ್ದುಬಸ್ತಿನಲ್ಲಿಡುವುದು ಲೈನ್‌ಮನ್ ಕೆಲಸ.

ಸತ್ಯ: ಅವರ ಕೆಲಸ ಚೆಂಡು ಹೊರಹೋದದ್ದು, ಥ್ರೋ ಯಾರದು, ಆಫ್‌ಸೈಡ್, ಬದಲಿ ಆಟಗಾರ, ರೆಫ್ರಿಗೆ ಕಾಣದ ತಪ್ಪು ಇವನ್ನು ತಿಳಿಸುವುದು. ಜನರನ್ನು ನೋಡಿಕೊಳ್ಳಬೇಕಾದವರು ಕ್ರೀಡಾಕೂಟ ನಡೆಸುವ ಶಾಲೆ, ಸಂಘಟಕರು. ಬಾವುಟ ಹಿಡಿದವರು ತಿರುಗಿ ನಿಂತು ವಾದಕ್ಕಿಳಿದರೆ ಆ ಹೊತ್ತಿನಲ್ಲಿ ಒಂದು ಆಫ್‌ಸೈಡ್ ತಪ್ಪಿಹೋಗುತ್ತದೆ, ಬೈಗುಳ ಇಮ್ಮಡಿಯಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಪಂದ್ಯಕ್ಕೆ ಮೊದಲೇ ತನ್ನ ಅಂಚಿನಲ್ಲಿ ಒಮ್ಮೆ ನಡೆದು, ಓಡುವ ದಾರಿ ತೆರವು ಮಾಡಿಸಿ, ಸಂಘಟಕರ ಕಡೆಯಿಂದ ಒಬ್ಬರು ಅಲ್ಲಿ ನಿಂತಿರುವಂತೆ ಕೇಳಿಕೊಳ್ಳಬೇಕು. ಆಟದ ನಡುವೆ ಜನ ಮುಂದೆ ಬಂದರೆ, ಚೆಂಡು ಹೊರಗಿದ್ದಾಗ ಒಂದೇ ಮಾತು: 'ಅಣ್ಣ, ವಸಿ ಹಿಂದಕ್ ಬನ್ನಿ, ಓಡಕ್ಕೆ ಜಾಗ ಬೇಕು.' ಟೀಕೆಗೆ ಉತ್ತರ ಕೊಡಬಾರದು. ಬೈಗುಳ ಮುಂದುವರಿದರೆ, ಅದರಲ್ಲೂ ಆಟಗಾರರ ಮೇಲೆ ತಿರುಗಿದರೆ, ಮುಂದಿನ ಬಿಡುವಿನಲ್ಲಿ ರೆಫ್ರಿಯನ್ನು ಕರೆದು ಹೇಳಬೇಕು. ರೆಫ್ರಿ ಸಂಘಟಕರನ್ನು ಕರೆಸುತ್ತಾರೆ. ಹೊರಗಿನವರ ಅಡ್ಡಿ ನಿಲ್ಲದಿದ್ದರೆ ಪಂದ್ಯವನ್ನು ತಡೆಯುವ, ಸ್ವಲ್ಪ ಹೊತ್ತು ನಿಲ್ಲಿಸುವ, ಪೂರ್ತಿ ರದ್ದು ಮಾಡುವ ಅಧಿಕಾರ ಫುಟ್‌ಬಾಲ್ ನಿಯಮಾವಳಿಯ ನಿಯಮ 5ರಲ್ಲಿ ಅವರಿಗಿದೆ. ನಡೆದದ್ದೆಲ್ಲ ಪಂದ್ಯದ ವರದಿಗೂ ಸೇರುತ್ತದೆ.

ಕಲ್ಪನೆ 6: ಕಾರ್ಡ್ ಆಟಗಾರರಿಗೆ ಮಾತ್ರ, ಹೊರಗಿದ್ದವರು ಏನು ಮಾಡಿದರೂ ನಡೆಯುತ್ತದೆ.

ಸತ್ಯ: 2019ರಿಂದ ತಂಡದ ತರಬೇತುದಾರರಿಗೂ ಹಳದಿ, ಕೆಂಪು ಕಾರ್ಡ್ ತೋರಿಸಬಹುದು, ತಂಡದ ಜೊತೆ ನಿಂತ ಪಿ.ಟಿ. ಮೇಷ್ಟ್ರಿಗೂ ಇದು ಅನ್ವಯ. ತಂಡದ ಜೊತೆ ಹೀಗೆ ನಿಂತವರಲ್ಲಿ ತಪ್ಪು ಮಾಡಿದವರು ಯಾರೆಂದು ಗೊತ್ತಾಗದಿದ್ದರೆ ಅಲ್ಲಿರುವ ಹಿರಿಯ ತರಬೇತುದಾರರೇ ಕಾರ್ಡ್ ಪಡೆಯಬೇಕು. ಪ್ರೇಕ್ಷಕರಿಗೆ ಕಾರ್ಡ್ ಇಲ್ಲ ನಿಜ, ಆದರೆ ಅವರು ಮಾಡಿದ್ದಕ್ಕೆ ಬೆಲೆ ತೆರುವವರು ಮಕ್ಕಳು. ಗುಂಪಿನಿಂದ ಯಾರೋ ಊದಿದ ವಿಷಲ್ ಆಟಕ್ಕೆ ಅಡ್ಡಿಯಾದರೆ ರೆಫ್ರಿ ಆಟ ನಿಲ್ಲಿಸಿ, ಡ್ರಾಪ್ ಬಾಲ್‌ನಿಂದ ಮತ್ತೆ ಆರಂಭಿಸುತ್ತಾರೆ. ನಿಮ್ಮ ಊರಿನ ಹುಡುಗಿ ಚೆಂಡು ಹಿಡಿದು ಗೋಲಿನತ್ತ ಒಬ್ಬಳೇ ನುಗ್ಗುತ್ತಿದ್ದಳೇ? ಆ ಅವಕಾಶ ಹೋಯಿತು.

ಕಲ್ಪನೆ 7: ಕೂಗಾಡಿದರೇ ಮಕ್ಕಳಿಗೆ ಹುರುಪು.

ಸತ್ಯ: ಚಪ್ಪಾಳೆ, ಹೆಸರು ಹಿಡಿದು ಹುರಿದುಂಬಿಸುವುದು, ಎದುರಾಳಿಯ ಒಳ್ಳೆಯ ಆಟಕ್ಕೂ ಶಹಬ್ಬಾಸ್ ಹೇಳುವುದು ಎಷ್ಟಾದರೂ ಬೇಕು. ಆದರೆ 'ಒದಿ', 'ಪಾಸ್ ಕೊಡು', 'ಹಿಂದಕ್ಕೆ ಬಾ' ಎಂದು ಹತ್ತು ಬಾಯಿ ಹತ್ತು ಆದೇಶ ಕೊಟ್ಟರೆ ಹನ್ನೆರಡು ವರ್ಷದ ಮಗು ಚೆಂಡು ಬಿಟ್ಟು ಅಪ್ಪನ ಮುಖ ನೋಡುತ್ತದೆ. ಬೈಗುಳವಂತೂ ಇನ್ನೂ ಕೆಟ್ಟದ್ದು. ಶಾಲಾ ಪಂದ್ಯದಲ್ಲಿ ಬಾವುಟ ಹಿಡಿದವರು ಎಷ್ಟೋ ಸಲ ಹಿರಿಯ ವಿದ್ಯಾರ್ಥಿಯೇ ಆಗಿರುತ್ತಾರೆ. ಇಡೀ ಊರಿನ ಮುಂದೆ 'ಕಣ್ ಕಾಣಕಿಲ್ವಾ' ಅನ್ನಿಸಿಕೊಂಡವನು ಮುಂದಿನ ಸಲ ಬಾವುಟ ಮುಟ್ಟುವನೇ?

2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಅಂಥ ಆಟ ಜಿಲ್ಲೆಗಳಲ್ಲೂ ಬೆಳೆಯಬೇಕಾದರೆ ಆಟಗಾರರಷ್ಟೇ ರೆಫ್ರಿಗಳೂ ಬೇಕು, ಅವರು ತಯಾರಾಗಬೇಕಾದ್ದು ಈ ಮೈದಾನಗಳಲ್ಲೇ. ಮುಂದಿನ ಕ್ರೀಡಾಕೂಟ ನಡೆಸುವ ಶಾಲೆಗಳು ಮೂರು ಕೆಲಸ ಮಾಡಲಿ: ಗೆರೆಯಿಂದ ಮೂರು ಮೀಟರ್ ಆಚೆ ಹಗ್ಗ ಕಟ್ಟಲಿ, ಎರಡೂ ಅಂಚಿಗೆ ಒಬ್ಬೊಬ್ಬ ಹಿರಿಯರನ್ನು ನಿಲ್ಲಿಸಲಿ, ಆಟಕ್ಕೆ ಮೊದಲು ಮೈಕಿನಲ್ಲಿ ಎರಡು ನಿಮಿಷ ಈ ನಿಯಮಗಳನ್ನು ಹೇಳಲಿ. ಪೋಷಕರು ಹಗ್ಗದ ಹಿಂದೆ ನಿಂತು ಮನಸಾರೆ ಚಪ್ಪಾಳೆ ತಟ್ಟಲಿ. ಇದಕ್ಕೆ ಸರ್ಕಾರದ ಅನುದಾನವೂ ಬೇಡ, ಹೊಸ ಆದೇಶವೂ ಬೇಡ.