ನಮ್ಮ ಸೀಮೆಯ ಮಳೆಯ ಲೆಕ್ಕ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಬಹುಕಾಲ ಭೂಗೋಳವನ್ನು ಬೋಧಿಸಿದ ನನಗೆ ಮಳೆಯ ವಿಷಯವೇ ಮೊದಲು ಹೊಳೆಯಿತು. ಜೂನ್ ತಿಂಗಳಿನಿಂದ ಮಳೆಗಾಲವೆಂದು ಪಠ್ಯಪುಸ್ತಕ ಹೇಳುತ್ತದೆ, ಅದು ಸರಿಯೇ. ಆದರೆ ಸೊಲ್ಲಾಪುರ, ಅಕ್ಕಲಕೋಟೆಗಳ ಒಕ್ಕಲಿಗನ ಅನ್ನ ನಿಶ್ಚಯವಾಗುವುದು ಬಹುಮಟ್ಟಿಗೆ ಸಪ್ಟೆಂಬರಿನಲ್ಲಿ. ಎಷ್ಟು ಮಳೆಯಾಯಿತು ಎಂಬುದಕ್ಕಿಂತ ಯಾವಾಗ ಆಯಿತು, ಬಿದ್ದ ನೀರು ಎಲ್ಲಿ ನಿಂತಿತು ಎಂಬುದೇ ನಮ್ಮ ಸೀಮೆಗೆ ಮುಖ್ಯ.

ನಮ್ಮಲ್ಲಿ ಮಳೆ ಕಡಿಮೆಯೇಕೆ? ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಸಹ್ಯಾದ್ರಿಯನ್ನು ಏರುವಾಗ ತಣಿದು, ತನ್ನ ನೀರನ್ನೆಲ್ಲ ಅಲ್ಲಿಯೇ ಸುರಿಸುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5000 ಮಿ.ಮೀ.ಗೂ ಹೆಚ್ಚು ಮಳೆ. ಘಟ್ಟ ಇಳಿದ ಗಾಳಿ ಬಿಸಿಯಾಗಿ ಒಣಗುತ್ತದೆ. ಆ ಮಳೆನೆರಳಿನಲ್ಲಿರುವ ನಮ್ಮ ಜಿಲ್ಲೆಗೆ ಸರಾಸರಿ 500ರಿಂದ 700 ಮಿ.ಮೀ. ಮಾತ್ರ. ಜಿಲ್ಲೆಯೊಳಗೂ ಪಶ್ಚಿಮದ ಮಾಳಶಿರಸ, ಸಾಂಗೋಲೆಗಳಿಗಿಂತ ಪೂರ್ವದ ಅಕ್ಕಲಕೋಟೆಗೆ ತುಸು ಹೆಚ್ಚು. ಬಂಗಾಳ ಕೊಲ್ಲಿಯ ಮೋಡಗಳು ಪೂರ್ವ ದಿಕ್ಕಿನಿಂದ ಬರುವುದೇ ಇದಕ್ಕೆ ಕಾರಣ.

ನಮ್ಮ ಹಿರಿಯರು ಮಳೆಯನ್ನು ತಿಂಗಳಿನಿಂದಲ್ಲ, ನಕ್ಷತ್ರದಿಂದ ಎಣಿಸಿದರು. ಸೂರ್ಯನು ಒಂದು ನಕ್ಷತ್ರದಲ್ಲಿರುವ ಸುಮಾರು 13–14 ದಿನಗಳೇ ಒಂದು ಮಳೆ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 7–8ಕ್ಕೆ ಮೃಗಶಿರ. ಇದನ್ನು ನಮ್ಮವರು ‘ಮಿರಗ’ ಎನ್ನುವರು. ರೋಹಿಣಿ ಸುರಿದರೆ ಓಣಿಯೆಲ್ಲ ಜೋಳ ಎಂಬ ಗಾದೆಯುಂಟು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು-ಗಾಳಿಯೊಡನೆ ಬರುವ ಮಳೆ ನೆಲವನ್ನು ಹದಗೊಳಿಸುತ್ತದೆ. ಮಿರಗ, ಆರಿದ್ರಿಗಳಲ್ಲಿ ತೊಗರಿ, ಹೆಸರು, ಉದ್ದು, ಸಜ್ಜೆಗಳ ಬಿತ್ತನೆ. ಆದರೆ ಜುಲೈ ತಿಂಗಳ ಪುನರ್ವಸು, ಪುಷ್ಯಗಳಲ್ಲಿ ಕೊಂಕಣ ಮುಳುಗುತ್ತಿದ್ದರೂ ನಮ್ಮಲ್ಲಿ ಬೀಸುವ ಗಾಳಿ, ಓಡುವ ಮೋಡ, ಆಗಾಗ ತುಂತುರು ಇಷ್ಟೇ. ವಾರಗಟ್ಟಲೆ ಮಳೆ ತಡೆದು ಮುಂಗಾರಿನ ಪೈರು ಬಾಡುವುದು ಈ ಕಾಲದಲ್ಲಿಯೇ.

ಸಪ್ಟೆಂಬರಿನಲ್ಲಿ ಚಿತ್ರ ಬದಲಾಗುತ್ತದೆ. ಪಡುವಣ ಗಾಳಿಯ ಬಿರುಸು ತಗ್ಗುತ್ತದೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳು ಪಶ್ಚಿಮಕ್ಕೆ ಸರಿಯುತ್ತವೆ. ಹಗಲಿನ ಬಿಸಿಲಿಗೆ ಎದ್ದ ಮೋಡ ಸಂಜೆ ಗುಡುಗಿ ಸುರಿಯುತ್ತದೆ. ಹುಬ್ಬಿ, ಉತ್ತರಿ, ಹಸ್ತಗಳ ಈ ತಿಂಗಳೇ ಸೊಲ್ಲಾಪುರದ ಅತಿ ಹೆಚ್ಚು ಮಳೆಯ ತಿಂಗಳು. ಅಕ್ಟೋಬರಿನ ಚಿತ್ತಿ, ಸ್ವಾತಿಗಳೊಡನೆ ಮಳೆ ಹಿಂದೆ ಸರಿಯುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಆಕಾಶ ಬಹುತೇಕ ಬರಿದು. ಆಗ ಬೀಳುವ ಅಕಾಲ ಮಳೆ ಲಾಭಕ್ಕಿಂತ ಹಾನಿಯನ್ನೇ ತರುವುದುಂಟು. 2014ರ ಫೆಬ್ರುವರಿ, ಮಾರ್ಚಿನ ಆಲಿಕಲ್ಲು ಮಳೆ ಕೈಗೆ ಬಂದ ಜೋಳ, ದ್ರಾಕ್ಷಿ, ದಾಳಿಂಬೆಗಳನ್ನು ನೆಲಕ್ಕೆ ಕೆಡವಿತು.

ಹಿಂಗಾರಿನ ಮಹತ್ವ ನಮ್ಮ ಎರೆಭೂಮಿಯಲ್ಲಿದೆ. ಬೇಸಿಗೆಯಲ್ಲಿ ಬಿರಿಯುವ ಈ ಕಪ್ಪುಮಣ್ಣು ಮಳೆ ನೀರನ್ನು ಆಳಕ್ಕೆ ಇಳಿಸಿಕೊಂಡು ಹಿಡಿದಿಡುತ್ತದೆ. ಮಳೆ ಮುಗಿಯುವ ಹೊತ್ತಿಗೆ ಬಿತ್ತಿದ ಬಿಳಿಜೋಳ ಆ ತೇವವನ್ನೇ ಕುಡಿದು, ಮೇಲೆ ಹನಿ ಬೀಳದಿದ್ದರೂ ತೆನೆಗಟ್ಟುತ್ತದೆ. ಮಾಲದಂಡಿ ಎಂಬ ನಾಟಿ ಜೋಳದಿಂದ ಆರಿಸಿದ ‘ಎಂ 35-1’ ತಳಿ ನಮ್ಮ ಜಿಲ್ಲೆಯ ಮೋಹೋಳದ ಕೊಡುಗೆ. 1933ರಲ್ಲಿ ಸೊಲ್ಲಾಪುರದಲ್ಲಿ ಒಣ ಬೇಸಾಯ ಸಂಶೋಧನ ಕೇಂದ್ರ ಆರಂಭವಾದದ್ದೂ, 2016ರಲ್ಲಿ ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತು ದೊರೆತದ್ದೂ ಈ ಮಣ್ಣಿನ ಗುಣದಿಂದಲೇ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವಾಗ ನಾವು ಪೂಜಿಸುವ ಪೈರು ಸಪ್ಟೆಂಬರಿನ ಮಳೆಯ ಮಗು.

ಈ ಮಳೆ ತಪ್ಪಿದರೆ ಏನಾಗುತ್ತದೆ? ಈ ಶಾಲೆ ಹುಟ್ಟುವ ಮುಂಚಿನ 1972ರ ಬರದಲ್ಲಿ ಹೊಲವುಳ್ಳವರೂ ಕಾಮಗಾರಿಗಳಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದುದನ್ನು ನನ್ನ ವಯಸ್ಸಿನವರೆಲ್ಲ ಕಂಡಿದ್ದಾರೆ. ಮಿತಿಮೀರಿದರೂ ಕಷ್ಟವೇ: 2020ರ ಅಕ್ಟೋಬರ್ ಮಧ್ಯದಲ್ಲಿ ಆಂಧ್ರ ಕರಾವಳಿಯನ್ನು ದಾಟಿ ಬಂದ ವಾಯುಭಾರ ಕುಸಿತದಿಂದ ಭೀಮೆ ಉಕ್ಕಿ ದಡದ ಹಳ್ಳಿಗಳು ಜಲಾವೃತವಾದವು. ಮುಖ್ಯಾಧ್ಯಾಪಕನಾಗಿ ನಾನು ಹಿಂಗಾರಿನ ಫಲವನ್ನು ಹಾಜರಿ ಪಟದಲ್ಲಿಯೇ ಓದುತ್ತಿದ್ದೆ. ಬಿತ್ತನೆ ಕೆಟ್ಟ ವರ್ಷ ದೀಪಾವಳಿ ರಜೆ ಮುಗಿದರೂ ಕೆಲವು ಮಕ್ಕಳು ಮರಳುತ್ತಿರಲಿಲ್ಲ. ಕಬ್ಬು ಕಡಿಯಲೋ ಪುಣೆಯ ಕಟ್ಟಡ ಕೆಲಸಕ್ಕೋ ಹೊರಟ ತಂದೆತಾಯಿಯರ ಜೊತೆ ಹೋಗಿರುತ್ತಿದ್ದರು. ಹೋದಲ್ಲಿ ಹತ್ತಿರ ಕನ್ನಡ ಶಾಲೆ ಸಿಗದೆ, ಕಲಿತ ಅಕ್ಷರವೂ ಅಷ್ಟಕ್ಕೇ ನಿಲ್ಲುತ್ತಿತ್ತು. ಗಡಿನಾಡಿನ ಕನ್ನಡ ಶಾಲೆ ಉಳಿಯುವುದು ಅಭಿಮಾನದಿಂದ ಮಾತ್ರವಲ್ಲ, ಊರಿನಲ್ಲಿ ನೀರು ನಿಂತರೆ ಮಕ್ಕಳೂ ನಿಲ್ಲುತ್ತಾರೆ.

ನೀರು ನಿಲ್ಲಿಸುವ ವಿದ್ಯೆ ನಮಗೆ ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ ಕಾಯಕವನ್ನು ಧರ್ಮವಾಗಿಸಿದರು. ಹಿಪ್ಪರಗಾ ಬಳಿಯ ಏಕರೂಖ ಕೆರೆ 1871ರಲ್ಲಿ ಪೂರ್ಣಗೊಂಡಿತು. 1980ರಲ್ಲಿ ಭೀಮೆಗೆ ಉಜನಿ ಅಣೆಕಟ್ಟು ಬಂತು. ಅಕ್ಕಲಕೋಟೆ ತಾಲೂಕಿನಲ್ಲಿ ಬೋರಿ ನದಿಗೆ ಕುರನೂರು ಅಣೆಕಟ್ಟು ಇದೆ. ಆದರೆ ಅಣೆಕಟ್ಟಿನ ನೀರೆಲ್ಲ ಕಬ್ಬಿಗೇ ಹರಿದರೆ, ಮಳೆನೆರಳಿನ ನಾಡು ತಾನು ಮಳೆನಾಡೆಂದು ಭ್ರಮಿಸಿದಂತೆ.

ವಿದ್ಯಾರ್ಥಿ ಮಿತ್ರರೇ, ಒಂದು ಸರಳ ಲೆಕ್ಕ ಮಾಡಿರಿ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಶಾಲಾ ಮಾಳಿಗೆಯ ಮೇಲೆ 600 ಮಿ.ಮೀ. ಮಳೆಯಾದರೆ 60,000 ಲೀಟರ್! ಅದರಲ್ಲಿ ಅರ್ಧವನ್ನು ಹಿಡಿದಿಟ್ಟರೂ ಶಾಲೆಯ ಗಿಡಗಳು ಬೇಸಿಗೆಯಲ್ಲಿ ಒಣಗಲಾರವು. ಸುವರ್ಣ ಮಹೋತ್ಸವದ ನೆನಪಿಗಾಗಿ ಅಂಗಳದಲ್ಲೊಂದು ಮಳೆಮಾಪಕ, ಮಾಳಿಗೆಯ ನೀರಿಗೊಂದು ತೊಟ್ಟಿ ಇವೆರಡನ್ನು ಆಡಳಿತ ಮಂಡಳಿಯವರು ಮಾಡಿಸಬೇಕೆಂದು ವಿನಂತಿಸುತ್ತೇನೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಮಕ್ಕಳೇ ಮಳೆಯನ್ನಳೆದು ಕನ್ನಡ ಅಂಕಿಗಳಲ್ಲಿ ಬರೆದಿಡಲಿ. ಪಕ್ಕದಲ್ಲಿ ನಕ್ಷತ್ರದ ಹೆಸರನ್ನೂ ಬರೆಯಲಿ. ಶತಮಾನೋತ್ಸವದ ಹೊತ್ತಿಗೆ ಐವತ್ತು ವರ್ಷಗಳ ಮಳೆಯ ಲೆಕ್ಕ ನಮ್ಮ ಶಾಲೆಯ ಸಂಪತ್ತಾಗಿರಲೆಂದು ಹಾರೈಸುತ್ತೇನೆ.