ಕಾನ್ವೆಂಟೆಂಬ ಶಬ್ದವೂ ಸೋದರಿಯರ ಸೇವೆಯೂ

ಪರಭಾಷೆಯಿಂದ ಬಂದ ಶಬ್ದಗಳು ಕನ್ನಡದಲ್ಲಿ ನೆಲೆಯೂರುವಾಗ ಅರ್ಥದಲ್ಲಿ ಮಾರ್ಪಡುವುದುಂಟು. ‘ಕಾನ್ವೆಂಟು’ ಎಂಬುದು ಅಂತಹ ಶಬ್ದಗಳಲ್ಲೊಂದು. ಹಾಸನದ ಕಡೆಯ ದುದ್ದದಂತಹ ಹೋಬಳಿಯೂರಿನಲ್ಲಿಯೂ ಮಗುವು ಕಾನ್ವೆಂಟಿಗೆ ಹೋಗುತ್ತದೆಂದರೆ ಇಂಗ್ಲಿಷಿನಲ್ಲಿ ಪಾಠ ಹೇಳುವ ಶಾಲೆಗೆ ಹೋಗುತ್ತದೆಂದೇ ಅರ್ಥ. ಆ ಶಾಲೆಯಲ್ಲಿ ಕನ್ಯಾಸ್ತ್ರೀಯೊಬ್ಬಳೂ ಇಲ್ಲದಿರಬಹುದು. ಇದರ ಮೂಲವಾದ ಲ್ಯಾಟಿನ್ ಪದಕ್ಕೆ ‘ಕೂಡಿ ಸೇರುವುದು’ ಎಂದರ್ಥ. ತರುವಾಯ ವ್ರತಧಾರಿಗಳು ಕೂಡಿ ವಾಸಿಸುವ ಮನೆಗೆ ಆ ಹೆಸರು ನಿಂತಿತು. ನಮ್ಮ ‘ಮಠ’ವೇ ಅದಕ್ಕೆ ಸಮೀಪವಾದ ಮಾತು, ‘ಕನ್ಯಾಮಠ’ವೆಂಬ ಪ್ರಯೋಗವು ಉಚಿತವಾದುದೇ ಸರಿ.

ಈ ಅರ್ಥವ್ಯತ್ಯಾಸದಿಂದ ಒಂದು ಚರಿತ್ರೆಯೇ ಮರೆಯಾಗಿದೆ. ಹಾಸನದ ಸೀಮೆಗೆ ಕಥೋಲಿಕ ಪಾದ್ರಿಗಳ ಪರಿಚಯವು ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಮೈಸೂರಿಗೆ ಬಂದ ಅಬ್ಬೆ ದುಬಾಯ್‌ ಎಂಬ ಫ್ರೆಂಚ್ ಪಾದ್ರಿಯು ಹಾಸನದ ಬಳಿಯ ಸತ್ತಳ್ಳಿಯಲ್ಲಿ ಬೇಸಾಯಗಾರರ ನೆಲೆಯೊಂದನ್ನು ಏರ್ಪಡಿಸಿದನು. ಸಿಡುಬು ತಡೆಯಲು ದೇವಿ ಹಾಕುವ ಕ್ರಮವನ್ನೂ ಪ್ರಚುರಪಡಿಸಿದನು. ಆದರೆ ಪಾದ್ರಿಯು ಎಷ್ಟು ದಯಾಳುವಾಗಿದ್ದರೂ ಬಾಣಂತಿಯ ಕೋಣೆಗೆ ಹೋಗಲಾರನು; ಪರಪುರುಷನ ಮುಂದೆ ಮಗಳನ್ನು ಓದಲು ಕೂರಿಸುವ ತಾಯಂದಿರೂ ಆ ಕಾಲಕ್ಕೆ ವಿರಳ. ಹೆಂಗಸರ ಬಳಿಗೆ ಹೆಂಗಸರೇ ಹೋಗಬೇಕಾಗಿತ್ತು.

ಈ ಕೊರತೆಯನ್ನು ತುಂಬುವ ಕಾರ್ಯವು ಮೈಸೂರು ಸೀಮೆಯಲ್ಲಿ ಬೆಂಗಳೂರಿನಿಂದ ಮೊದಲಾಯಿತು. ಬಿಷಪ್ ಶಾರ್ಬೊನೋ ಅವರ ಕಾಲದಲ್ಲಿ, 1854ರಲ್ಲಿ, ‘ಒಳ್ಳೆಯ ಕುರುಬ’ನ ಹೆಸರಿನ ಗುಡ್ ಶೆಫರ್ಡ್ ಸಂಘದ ಸೋದರಿಯರು ಅಲ್ಲಿಗೆ ಬಂದರು. ದಿಕ್ಕಿಲ್ಲದ ಹೆಂಗಸರಿಗೆ ಆಶ್ರಯ ಕೊಡುವುದೇ ಈ ಸಂಘದ ಮೂಲೋದ್ದೇಶ. 1886ರಲ್ಲಿ ಅವರು ತೆರೆದ ಸಂತ ಮಾರ್ತಾ ಆಸ್ಪತ್ರೆಯು ಇಂದಿಗೂ ಇದೆ. ಆದರೂ ನಗರದ ಜನರ ಕಣ್ಣಿಗೆ ಹೆಚ್ಚಾಗಿ ಬಿದ್ದುದು ಅವರ ಶಾಲೆಗಳ ಇಂಗ್ಲಿಷ್ ಶಿಕ್ಷಣ. ಮಠದ ಹೆಸರು ಶಾಲೆಗೆ ಅಂಟಿಕೊಂಡುದು ಹೀಗೆಂದು ನನ್ನ ಊಹೆ.

ಮಂಗಳೂರಿನ ಕಥೆಯು ಇನ್ನಷ್ಟು ವಿಚಾರಾರ್ಹವಾದುದು. ಅಲ್ಲಿ 1870ರಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಂಘದ ಸೋದರಿಯರು ಯೂರೋಪಿನಿಂದ ಬಂದಿಳಿದರು. ಬೆಥನಿ ಸಂಘವಾದರೋ ಅಲ್ಲಿಯೇ ಹುಟ್ಟಿತು. 1921ನೆಯ ಜುಲೈ 16ರಂದು ಬೆಂದೂರಿನಲ್ಲಿ ರೇಮಂಡ್ ಮಸ್ಕರೇನ್ಹಸ್ ಎಂಬ ಪಾದ್ರಿಗಳು ಇದನ್ನು ಸ್ಥಾಪಿಸಿದರು. ಆರಂಭದಲ್ಲಿ ಸೇರಿದವರು ನಾಲ್ವರು. ಎಲ್ಲರೂ ಆ ನಾಡಿನ ಹೆಣ್ಣುಮಕ್ಕಳು. ಹಳ್ಳಿಗಳ ಬಡ ಬಾಲಿಕೆಯರಿಗೆ ವಿದ್ಯೆ ಕಲಿಸುವುದು ಅವರ ಮುಖ್ಯ ಸಂಕಲ್ಪ. ಮನೆಮಾತು ಬಹುಮಟ್ಟಿಗೆ ಕೊಂಕಣಿಯಾದರೂ ಆ ಜಿಲ್ಲೆಯ ಹಳ್ಳಿಯ ಶಾಲೆಯಲ್ಲಿ ಕಲಿಸಬೇಕಾದುದು ಕನ್ನಡದಲ್ಲಿ. ಕಡಲಾಚೆಯಿಂದ ಬಂದವರು ವರ್ಷಗಟ್ಟಲೆ ಶ್ರಮಿಸಿ ಕಲಿಯಬೇಕಾದ ನುಡಿಯೂ ನಡೆಯೂ ಇವರಿಗೆ ಹುಟ್ಟಿನಿಂದಲೇ ಬಂದಿದ್ದುವು.

ಸೇವೆಯ ಜೊತೆಗೆ ಮತಪ್ರಸಾರದ ಉದ್ದೇಶವೂ ಈ ಸಂಘಗಳಿಗೆ ಇದ್ದಿತು, ಅದನ್ನು ಮರೆಸಬೇಕಾಗಿಲ್ಲ. ಆದರೆ ಆ ಕಾರಣದಿಂದ ಹಳ್ಳಿಯ ಕನ್ನಡ ಶಾಲೆಯ ಕೆಲಸವನ್ನು ಲೆಕ್ಕದಿಂದ ಬಿಡುವುದೂ ನ್ಯಾಯವಲ್ಲ. ನಿಘಂಟುಕಾರರು ‘ಕಾನ್ವೆಂಟು’ ಶಬ್ದಕ್ಕೆ ಕನ್ಯಾಮಠವೆಂಬ ಅರ್ಥವನ್ನು ಮೊದಲು ಕೊಟ್ಟು, ಇಂಗ್ಲಿಷ್ ಶಾಲೆಯೆಂಬುದನ್ನು ರೂಢಾರ್ಥವಾಗಿ ಆಮೇಲೆ ಹೇಳುವುದು ಯುಕ್ತವೆಂದು ತೋರುತ್ತದೆ.